ವೆಬ್ ಪುಟದ ಟೇಬಲನ್ನು ಸ್ಕ್ರಿಪ್ಟ್ ಬರೆದು ಎಕ್ಸೆಲ್‌ಗೆ ತರುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಅಡಿಕೆ ತೋಟದ ಮನೆ. ಶಿರಸಿ, ಯಲ್ಲಾಪುರ, ಸಾಗರ, ಶಿವಮೊಗ್ಗ ಮಾರುಕಟ್ಟೆಗಳ ಧಾರಣೆಯನ್ನು ಅಪ್ಪ ದಿನವೂ ಫೋನಿನಲ್ಲಿ ನೋಡಿ ನೋಟ್‌ಬುಕ್ಕಿಗೆ ಇಳಿಸುತ್ತಿದ್ದರು. ಆ ಕೆಲಸವನ್ನು ಒಂದು ಸ್ಕ್ರಿಪ್ಟ್‌ಗೆ, ಅಂದರೆ ಪೈಥಾನ್ ಎಂಬ ಭಾಷೆಯಲ್ಲಿ ಬರೆದ ಚಿಕ್ಕ ಪ್ರೋಗ್ರಾಮಿಗೆ, ವಹಿಸಿದೆ. ಅಂದಿನಿಂದ ನೆಂಟರು, ಸ್ನೇಹಿತರು, ಊರಿನ ಮೇಷ್ಟ್ರು ಎಲ್ಲರೂ ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಿದ್ದಾರೆ. ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ.

ಕಮಾಂಡ್‌ಗಳ ಹೆಸರನ್ನು ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲಿ ಬರೆಯಿರಿ. ಹೆಸರಿನಲ್ಲಿ ಹೈಫನ್ ಕಂಡ ಕಡೆ ಅಂಡರ್‌ಸ್ಕೋರ್ ಹಾಕಿ.

ಟೇಬಲನ್ನು ಸುಮ್ನೆ ಕಾಪಿ ಮಾಡಿ ಪೇಸ್ಟ್ ಮಾಡಿದರೆ ಆಗಲ್ವಾ?

ಒಂದೇ ಸಲದ ಕೆಲಸ, ಒಂದೇ ಟೇಬಲ್ ಆದರೆ ಖಂಡಿತ ಆಗುತ್ತದೆ. ಅದಕ್ಕೆ ಸ್ಕ್ರಿಪ್ಟ್ ಬೇಡ. ಆದರೆ ಅದೇ ಕೆಲಸ ದಿನವೂ ಮಾಡಬೇಕು, ಅಥವಾ ಐವತ್ತು ಪುಟಗಳಿಂದ ಮಾಡಬೇಕು ಅಂದಾಗ ಕೈ ಸೋಲುತ್ತದೆ. ಎಲ್ಲೋ ಒಂದು ಸಾಲು ಬಿಟ್ಟುಹೋಗುತ್ತದೆ, ಬಿಟ್ಟುಹೋದದ್ದು ಗೊತ್ತೂ ಆಗುವುದಿಲ್ಲ. ಸ್ಕ್ರಿಪ್ಟ್ ತಪ್ಪು ಮಾಡಿದರೆ ಪ್ರತಿ ಸಲವೂ ಅದೇ ತಪ್ಪು ಮಾಡುತ್ತದೆ. ಹಾಗಾಗಿ ಹುಡುಕಿ ಸರಿಮಾಡಬಹುದು.

ನನಗೆ ಪ್ರೋಗ್ರಾಮಿಂಗ್ ಬರುವುದಿಲ್ಲ. ಬೇರೆ ದಾರಿ ಇದೆಯಾ?

ಇದೆ. ಗೂಗಲ್ ಶೀಟ್ಸ್‌ನಲ್ಲಿ 'ಇಂಪೋರ್ಟ್‌ಎಚ್‌ಟಿಎಂಎಲ್' ಎಂಬ ಫಾರ್ಮುಲಾ ಇದೆ. ಅದಕ್ಕೆ ಪುಟದ ವಿಳಾಸ, 'ಟೇಬಲ್' ಎಂಬ ಪದ, ಎಷ್ಟನೇ ಟೇಬಲ್ ಅನ್ನುವ ಸಂಖ್ಯೆ, ಈ ಮೂರನ್ನು ಕೊಟ್ಟರೆ ಸಾಕು, ಟೇಬಲ್ ಶೀಟಿಗೆ ಬಂದು ಕೂರುತ್ತದೆ. ಶೀಟ್ ತೆರೆದಿದ್ದರೆ ಸುಮಾರು ಗಂಟೆಗೊಮ್ಮೆ ತಾನೇ ಹೊಸದನ್ನು ತರುತ್ತದೆ. ಎಕ್ಸೆಲ್‌ನಲ್ಲಿ ಡೇಟಾ ಮೆನುವಿನ 'ಫ್ರಮ್ ವೆಬ್' ಇದೇ ಕೆಲಸ ಮಾಡುತ್ತದೆ. ಮೊದಲು ಇವನ್ನು ನೋಡಿ. ಇವು ಸೋತ ಕಡೆ ಸ್ಕ್ರಿಪ್ಟ್‌ಗೆ ಬನ್ನಿ.

ಸ್ಕ್ರಿಪ್ಟ್‌ಗೆ ಏನೇನು ಇನ್‌ಸ್ಟಾಲ್ ಮಾಡಿಕೊಳ್ಳಬೇಕು?

ಪೈಥಾನ್, ಅದರ ಮೇಲೆ ನಾಲ್ಕು ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್. ಪುಟವನ್ನು ತರಲು 'ರಿಕ್ವೆಸ್ಟ್ಸ್', ಟೇಬಲನ್ನು ಹೆಕ್ಕಲು 'ಪಾಂಡಾಸ್', ಪಾಂಡಾಸ್‌ಗೆ ಎಚ್‌ಟಿಎಂಎಲ್ (ವೆಬ್ ಪುಟ ಬರೆಯುವ ಭಾಷೆ) ಓದಿಕೊಡಲು 'ಎಲ್‌ಎಕ್ಸ್‌ಎಂಎಲ್', ಎಕ್ಸೆಲ್ ಫೈಲ್ ಬರೆಯಲು 'ಓಪನ್‌ಪೈಎಕ್ಸೆಲ್'. ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಪಿಪ್ ಇನ್‌ಸ್ಟಾಲ್' ಅಂತ ಬರೆದು ಮುಂದೆ ಹೆಸರು ಕೊಟ್ಟರೆ ನಾಲ್ಕೂ ಬರುತ್ತವೆ. ದುಡ್ಡು ಕೊಡುವುದೇನಿಲ್ಲ. ಹಳೆಯ ಲ್ಯಾಪ್‌ಟಾಪ್ ಆದರೂ ನಡೆಯುತ್ತದೆ.

ಸ್ಕ್ರಿಪ್ಟ್ ಒಳಗೆ ಏನು ನಡೆಯುತ್ತದೆ?

ಮೂರು ಹೆಜ್ಜೆ. ಮೊದಲು ರಿಕ್ವೆಸ್ಟ್ಸ್‌ನ 'ಗೆಟ್' ಪುಟವನ್ನು ತರುತ್ತದೆ. ಬಂದ ಪುಟವನ್ನು ಹಾಗೇ, ಏನೂ ಮುಟ್ಟದೆ, ಒಂದು ಫೈಲಿಗೆ ಉಳಿಸಿ. ಎರಡನೆಯದಾಗಿ ಆ ಫೈಲನ್ನು ಪಾಂಡಾಸ್‌ನ 'ರೀಡ್-ಎಚ್‌ಟಿಎಂಎಲ್'ಗೆ ಕೊಡಿ. ಪುಟದಲ್ಲಿರುವ ಟೇಬಲ್‌ಗಳನ್ನೆಲ್ಲ ಅದು ಒಂದು ಪಟ್ಟಿಯಾಗಿ ಕೊಡುತ್ತದೆ. ಕೊನೆಗೆ ನಿಮಗೆ ಬೇಕಾದ ಟೇಬಲನ್ನು 'ಟು-ಸಿಎಸ್‌ವಿ'ಯಿಂದ ಸಿಎಸ್‌ವಿ ಫೈಲಿಗೆ (ಅಲ್ಪವಿರಾಮದಿಂದ ಕಾಲಂ ಬಿಡಿಸಿದ ಸಾದಾ ಪಠ್ಯ, ಎಕ್ಸೆಲ್ ಅದನ್ನು ತೆರೆಯುತ್ತದೆ) ಬರೆಯಿರಿ. ಬರೆಯುವಾಗ 'ಇಂಡೆಕ್ಸ್' ಎಂಬ ಆಯ್ಕೆಗೆ 'ಫಾಲ್ಸ್' ಕೊಡಿ. ಇಲ್ಲದಿದ್ದರೆ ಮೊದಲ ಕಾಲಂನಲ್ಲಿ ಸೊನ್ನೆ, ಒಂದು, ಎರಡು ಅಂತ ಬೇಡದ ಸಂಖ್ಯೆಗಳು ಸೇರಿಕೊಳ್ಳುತ್ತವೆ.

ಪುಟವನ್ನು ಮೊದಲು ಉಳಿಸಿ ಅಂತ ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಸ್ಕ್ರಿಪ್ಟ್‌ನಲ್ಲಿ ತಪ್ಪಿದ್ದದ್ದು ಆರು ತಿಂಗಳ ಮೇಲೆ ಗೊತ್ತಾಗಬಹುದು. ಆಗ ಹಳೆಯ ಪುಟಗಳು ಕೈಯಲ್ಲಿದ್ದರೆ ಮತ್ತೆ ಓದಿಸಿಕೊಳ್ಳಬಹುದು. ಇಲ್ಲದಿದ್ದರೆ ಆ ದಿನಗಳ ಲೆಕ್ಕ ಹೋದಂತೆಯೇ.

ಪುಟದಲ್ಲಿ ಹತ್ತಾರು ಟೇಬಲ್ ಸಿಗುತ್ತಿವೆ. ನನಗೆ ಬೇಕಾದದ್ದು ಯಾವುದು ಅಂತ ಹೇಗೆ ತಿಳಿಯುವುದು?

ಹಳೆಯ ಸೈಟ್‌ಗಳಲ್ಲಿ ಮೆನು, ಲೋಗೋ ಎಲ್ಲವನ್ನೂ ಟೇಬಲ್ ಒಳಗೇ ಇಟ್ಟಿರುತ್ತಾರೆ. ಅದಕ್ಕೇ ಇಷ್ಟೊಂದು ಸಿಗುತ್ತವೆ. ಆರನೇ ಟೇಬಲ್, ಏಳನೇ ಟೇಬಲ್ ಅಂತ ಸಂಖ್ಯೆ ನೆಚ್ಚಿಕೊಂಡರೆ, ನಾಳೆ ಪುಟಕ್ಕೆ ಒಂದು ಪ್ರಕಟಣೆ ಸೇರಿದ ಕೂಡಲೇ ಲೆಕ್ಕ ತಪ್ಪುತ್ತದೆ. ಬದಲಿಗೆ ರೀಡ್-ಎಚ್‌ಟಿಎಂಎಲ್‌ನ 'ಮ್ಯಾಚ್' ಎಂಬ ಆಯ್ಕೆಗೆ ಆ ಟೇಬಲಿನಲ್ಲಿ ಮಾತ್ರ ಇರುವ ಒಂದು ಪದ ಕೊಡಿ. ಕನ್ನಡ ಪದವೂ ನಡೆಯುತ್ತದೆ. ನನ್ನ ಸ್ಕ್ರಿಪ್ಟ್‌ನಲ್ಲಿ ಅಲ್ಲಿ 'ಬೆಟ್ಟೆ' ಅಂತಿದೆ, ಅಡಿಕೆಯ ಒಂದು ಬಗೆಯ ಹೆಸರು.

ಒಂದು ಎಚ್ಚರ. ಗೂಗಲ್ ಶೀಟ್ಸ್ ಟೇಬಲ್‌ಗಳನ್ನು ಒಂದರಿಂದ ಎಣಿಸುತ್ತದೆ, ಪೈಥಾನ್ ಸೊನ್ನೆಯಿಂದ.

ಟೇಬಲ್ ಕಣ್ಣಿಗೆ ಕಾಣುತ್ತಿದೆ, ಆದರೆ ಸ್ಕ್ರಿಪ್ಟ್ 'ಟೇಬಲ್ ಸಿಗಲಿಲ್ಲ' ಅನ್ನುತ್ತದೆ. ಯಾಕೆ?

ಪುಟ ಬಂದ ಮೇಲೆ ಅದರೊಳಗಿನ ಜಾವಾಸ್ಕ್ರಿಪ್ಟ್ ಎಂಬ ಕೋಡ್ ಟೇಬಲನ್ನು ತುಂಬುತ್ತಿರಬಹುದು. ಬ್ರೌಸರ್ ಅದನ್ನು ಓಡಿಸುತ್ತದೆ, ರಿಕ್ವೆಸ್ಟ್ಸ್ ಓಡಿಸುವುದಿಲ್ಲ. ಪುಟದ ಮೇಲೆ ರೈಟ್ ಕ್ಲಿಕ್ ಮಾಡಿ 'ವ್ಯೂ ಪೇಜ್ ಸೋರ್ಸ್' ತೆರೆಯಿರಿ, ಟೇಬಲಿನ ಒಂದು ಸಂಖ್ಯೆಯನ್ನು ಹುಡುಕಿ. ಅಲ್ಲಿ ಸಿಗದಿದ್ದರೆ ಕಾರಣ ಇದೇ.

ಆಗ ಬ್ರೌಸರಿನಲ್ಲಿ ಎಫ್12 ಒತ್ತಿ, 'ನೆಟ್‌ವರ್ಕ್' ಟ್ಯಾಬ್ ತೆರೆದು, ಪುಟವನ್ನು ಮತ್ತೆ ಲೋಡ್ ಮಾಡಿ. ಎಷ್ಟೋ ಸಲ ಅಲ್ಲಿ ಒಂದು ಜೇಸನ್ ಫೈಲ್ (ಮಾಹಿತಿಯನ್ನು ಪಠ್ಯವಾಗಿ ಸಾಗಿಸುವ ಒಂದು ರೂಪ) ಬಂದುಹೋಗುವುದು ಕಾಣುತ್ತದೆ. ಟೇಬಲಿನ ಮಾಹಿತಿ ಪೂರ್ತಿ ಅದರಲ್ಲೇ ಇರುತ್ತದೆ, ಟೇಬಲಿಗಿಂತ ಅಚ್ಚುಕಟ್ಟಾಗಿ. ನೇರವಾಗಿ ಅದನ್ನೇ ತರಿಸಿಕೊಳ್ಳಿ. ಅದೂ ಸಿಗದಿದ್ದರೆ ಮಾತ್ರ ಸೆಲೀನಿಯಂ ಅಥವಾ ಪ್ಲೇರೈಟ್ ಬಳಸಿ. ಅವು ನಿಜವಾದ ಬ್ರೌಸರನ್ನೇ ತೆರೆದು ಓಡಿಸುತ್ತವೆ. ಹಾಗಾಗಿ ನಿಧಾನ.

ಜಿಲ್ಲೆ, ಮಾರುಕಟ್ಟೆ, ತಾರೀಕು ಆರಿಸಿ ಬಟನ್ ಒತ್ತಿದ ಮೇಲೆ ಟೇಬಲ್ ಬರುತ್ತದೆ. ಅಂಥ ಪುಟಕ್ಕೆ ಏನು ಮಾಡಲಿ?

ಸರ್ಕಾರಿ ಸೈಟ್‌ಗಳಲ್ಲಿ ಇದು ಜಾಸ್ತಿ. ಬಟನ್ ಒತ್ತಿದಾಗ ಬ್ರೌಸರ್ ನಿಮ್ಮ ಆಯ್ಕೆಗಳ ಜೊತೆಗೆ ಕಣ್ಣಿಗೆ ಕಾಣದ ಕೆಲವು ಫೀಲ್ಡ್‌ಗಳನ್ನೂ ಕಳಿಸುತ್ತದೆ. ಸ್ಕ್ರಿಪ್ಟ್ ಮೊದಲು ಖಾಲಿ ಪುಟವನ್ನು ತಂದು, ಆ ಫೀಲ್ಡ್‌ಗಳನ್ನು ಹೆಕ್ಕಿ, ಆಮೇಲೆ ಎಲ್ಲವನ್ನೂ 'ಪೋಸ್ಟ್' ಮಾಡಬೇಕು, ಅಂದರೆ ಸರ್ವರಿಗೆ ಕಳಿಸಬೇಕು. ಕಲಿತರೆ ಕಷ್ಟವಿಲ್ಲ, ಆದರೆ ಮೊದಲ ದಿನವೇ ಅದಕ್ಕೆ ಕೈ ಹಾಕಬೇಡಿ.

ಸುಲಭದ ದಾರಿ ಹೇಳುತ್ತೇನೆ. ಬ್ರೌಸರಿನಲ್ಲಿ ನೀವೇ ಆಯ್ಕೆ ಮಾಡಿ ಟೇಬಲ್ ತರಿಸಿ, ಕಂಟ್ರೋಲ್ ಎಸ್ ಒತ್ತಿ ಪುಟವನ್ನು ಉಳಿಸಿಕೊಳ್ಳಿ. ಉಳಿಸಿದ ಫೈಲನ್ನು ರೀಡ್-ಎಚ್‌ಟಿಎಂಎಲ್‌ಗೆ ಕೊಡಿ. ಇಪ್ಪತ್ತು ಪುಟಗಳವರೆಗೆ ಇದೇ ಬೇಗ ಆಗುತ್ತದೆ.

ಒಂದೇ ಸೆಲ್ ಮೂರು ಸಾಲಿಗೆ ಹರಡಿಕೊಂಡಿದೆ. ಫೈಲಿನಲ್ಲಿ ಎಲ್ಲ ಕಲಸಿಹೋಗಿದೆ. ಏನಾಯಿತು?

ನನಗೆ ತುಂಬಾ ನಷ್ಟ ಮಾಡಿದ ತಪ್ಪು ಇದು. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಧಾರಣೆಯ ಟೇಬಲನ್ನು ಕಣ್ಮುಂದೆ ತಂದುಕೊಳ್ಳಿ. ನಾಲ್ಕು ಕಾಲಂ: ಮಾರುಕಟ್ಟೆ, ಬಗೆ, ಕನಿಷ್ಠ, ಗರಿಷ್ಠ. 'ಶಿರಸಿ' ಎಂಬ ಸೆಲ್ ಎಡಗಡೆ ಒಂದೇ ಸಲ ಇದೆ, ಪಕ್ಕದಲ್ಲಿ ಮೂರು ಸಾಲು: ಬೆಟ್ಟೆ, ಚಾಲಿ, ರಾಶಿ. ನೋಡುವವರಿಗೆ ಮೂರೂ ಶಿರಸಿಯವು ಅಂತ ಗೊತ್ತಾಗುತ್ತದೆ. ಆದರೆ ಎಚ್‌ಟಿಎಂಎಲ್‌ನಲ್ಲಿ 'ಶಿರಸಿ' ಇರುವುದು ಮೊದಲ ಸಾಲಿನಲ್ಲಿ ಮಾತ್ರ, 'ರೋಸ್ಪ್ಯಾನ್ ಮೂರು' (ಮೂರು ಸಾಲಿಗೆ ಹರಡಿದೆ) ಎಂಬ ಗುರುತಿನ ಜೊತೆ. ಎರಡನೇ ಸಾಲು ಶುರುವಾಗುವುದೇ 'ಚಾಲಿ'ಯಿಂದ.

ಶುರುವಿನಲ್ಲಿ ನಾನು ಬ್ಯೂಟಿಫುಲ್ ಸೂಪ್ ಲೈಬ್ರರಿ ಬಳಸಿ, ಸಾಲು ಸಾಲಾಗಿ ಸೆಲ್‌ಗಳನ್ನು ಎತ್ತುವ ಲೂಪ್ ಬರೆದಿದ್ದೆ. ಅದು ರೋಸ್ಪ್ಯಾನ್ ಗಮನಿಸಲಿಲ್ಲ. ಎರಡನೇ ಸಾಲಿನಲ್ಲಿ 'ಚಾಲಿ' ಮಾರುಕಟ್ಟೆಯ ಕಾಲಂಗೆ ಬಂತು, ಕನಿಷ್ಠ ಧಾರಣೆ ಬಗೆಯ ಕಾಲಂಗೆ, ಗರಿಷ್ಠ ಧಾರಣೆ ಕನಿಷ್ಠದ ಕಾಲಂಗೆ. ಎಲ್ಲವೂ ಒಂದು ಮನೆ ಎಡಕ್ಕೆ. ನಾನು ತಿಂಗಳ ಸರಾಸರಿ ತೆಗೆಯುತ್ತಿದ್ದದ್ದು ಕನಿಷ್ಠದ ಕಾಲಂನಿಂದ. ಅಲ್ಲಿ ಸಂಖ್ಯೆಗಳಿದ್ದವು, ನಂಬುವಂಥ ಸಂಖ್ಯೆಗಳೇ. ಎರಡು ತಿಂಗಳು ಅದನ್ನೇ ಅಪ್ಪನಿಗೆ ಓದಿ ಹೇಳಿದೆ. ಕೊನೆಗೆ ಅವರೇ ನೋಟ್‌ಬುಕ್ ತೆಗೆದು, 'ಈ ರೇಟು ಆ ವಾರ ಇರಲಿಲ್ಲವಲ್ಲೋ' ಅಂದರು.

ಪಾಂಡಾಸ್ ಇದನ್ನು ಸರಿಯಾಗಿ ಮಾಡುತ್ತದೆ. 2019ರ ಜನವರಿಯಲ್ಲಿ ಬಂದ 0.24ನೇ ಆವೃತ್ತಿಯಿಂದ ರೀಡ್-ಎಚ್‌ಟಿಎಂಎಲ್ ಹರಡಿಕೊಂಡ ಸೆಲ್ಲನ್ನು ಪ್ರತಿ ಸಾಲಿಗೂ ನಕಲು ಮಾಡುತ್ತದೆ. ಮೂರು ಸಾಲಿನಲ್ಲೂ 'ಶಿರಸಿ' ಬರುತ್ತದೆ. ಲೂಪ್ ಬರೆಯುವ ಆಸೆ ಇದ್ದರೂ ಟೇಬಲ್ ವಿಷಯದಲ್ಲಿ ಇದನ್ನೇ ಬಳಸಿ.

ಅಡ್ಡಕ್ಕೆ ಹರಡಿದ ಸೆಲ್ಲನ್ನೂ ಅದು ಹೀಗೇ ನಕಲು ಮಾಡುತ್ತದೆ. 'ಆವಕ ಇಲ್ಲ' ಎಂಬ ಮಾತು ಎರಡು ಕಾಲಂಗೆ ಹರಡಿದ್ದರೆ ಕನಿಷ್ಠ, ಗರಿಷ್ಠ ಎರಡರಲ್ಲೂ 'ಆವಕ ಇಲ್ಲ' ಅಂತ ಬಂದಿರುತ್ತದೆ. ಲೆಕ್ಕಕ್ಕೆ ಮೊದಲು ಅಂಥ ಸಾಲುಗಳನ್ನು ಬೇರೆ ತೆಗೆಯಿರಿ. 'ಒಟ್ಟು' ಎಂಬ ಸಾಲನ್ನೂ ತೆಗೆಯಲು ಮರೆಯಬೇಡಿ. ಅದು ಉಳಿದರೆ ಕೂಡಿಸಿದಾಗ ಮೊತ್ತ ಎರಡರಷ್ಟಾಗುತ್ತದೆ.

ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಏನೇನೋ ಚಿಹ್ನೆಗಳು. ಫೈಲ್ ಕೆಟ್ಟುಹೋಯಿತಾ?

ಬಹುಮಟ್ಟಿಗೆ ಕೆಟ್ಟಿರುವುದಿಲ್ಲ. ಆ ಚಿಹ್ನೆಗಳನ್ನು ಸ್ವಲ್ಪ ಹತ್ತಿರದಿಂದ ನೋಡಿ. ತಲೆಯ ಮೇಲೆ ಗೀಟಿರುವ ಇಂಗ್ಲಿಷ್ 'ಎ', ಅದರ ಪಕ್ಕ ಮೇಲ್ಗಡೆ ಚಿಕ್ಕದಾಗಿ ಎರಡು ಅಥವಾ ಮೂರು, ಆಮೇಲೆ ಇನ್ನೊಂದು ಗುರುತು. ಇದೇ ಮತ್ತೆ ಮತ್ತೆ ಬರುತ್ತದೆ ಅಲ್ವಾ? ಅಕ್ಷರಗಳನ್ನು ಫೈಲಿನಲ್ಲಿ ಬೈಟ್‌ಗಳಾಗಿ ಬರೆದಿಡುವ ಪದ್ಧತಿಗೆ ಎನ್‌ಕೋಡಿಂಗ್ ಅನ್ನುತ್ತಾರೆ, ಯುಟಿಎಫ್-8 ಅಂಥದ್ದೊಂದು. ಅದರಲ್ಲಿ ಕನ್ನಡದ ಪ್ರತಿ ಅಕ್ಷರ ಚಿಹ್ನೆಗೂ ಮೂರು ಬೈಟ್ ಬೇಕು. ಮೊದಲ ಬೈಟ್ ಎಲ್ಲಕ್ಕೂ ಒಂದೇ, ಎರಡನೆಯದು ಎರಡರಲ್ಲಿ ಒಂದು. ಎಕ್ಸೆಲ್ ಆ ಮೂರು ಬೈಟ್‌ಗಳನ್ನು ಮೂರು ಬೇರೆ ಬೇರೆ ಅಕ್ಷರ ಅಂದುಕೊಂಡು ತೋರಿಸಿದಾಗ ಹೀಗೆ ಕಾಣುತ್ತದೆ.

ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಅಲ್ಲಿ ಕನ್ನಡ ಸರಿಯಾಗಿ ಕಂಡರೆ ಫೈಲ್ ಚೆನ್ನಾಗಿದೆ, ಎಕ್ಸೆಲ್‌ಗೆ ಅದು ಯುಟಿಎಫ್-8 ಅಂತ ಗೊತ್ತಾಗಿಲ್ಲ ಅಷ್ಟೇ. ಟು-ಸಿಎಸ್‌ವಿಯಲ್ಲಿ 'ಎನ್‌ಕೋಡಿಂಗ್' ಆಯ್ಕೆಗೆ 'ಯುಟಿಎಫ್-8-ಸಿಗ್' ಅಂತ (ಇಲ್ಲಿ ಹೈಫನ್ ಹಾಗೇ ಇರಲಿ) ಕೊಟ್ಟು ಮತ್ತೆ ಬರೆಯಿರಿ. ಅದು ಫೈಲಿನ ತಲೆಗೆ ಒಂದು ಗುರುತು ಸೇರಿಸುತ್ತದೆ. ಎಕ್ಸೆಲ್ ಅದನ್ನು ನೋಡಿ ಅರ್ಥ ಮಾಡಿಕೊಳ್ಳುತ್ತದೆ.

ನೋಟ್‌ಪ್ಯಾಡ್‌ನಲ್ಲೂ ಹಾಗೇ ಕಂಡರೆ ತಪ್ಪು ಓದುವಾಗಲೇ ಆಗಿದೆ. ಸರ್ವರ್ ತನ್ನ ಎನ್‌ಕೋಡಿಂಗ್ ಹೇಳದಿದ್ದರೆ ರಿಕ್ವೆಸ್ಟ್ಸ್ ತಾನೇ ಒಂದನ್ನು ಊಹಿಸುತ್ತದೆ, ಆ ಊಹೆ ಕನ್ನಡಕ್ಕೆ ಹೊಂದುವುದಿಲ್ಲ. ಅದರ 'ಟೆಕ್ಸ್ಟ್' ಬಳಸದೆ 'ಕಂಟೆಂಟ್' ಅನ್ನು ಬೈಟ್‌ಗಳಾಗಿಯೇ ಉಳಿಸಿ. ಓದುವಾಗ ಎನ್‌ಕೋಡಿಂಗ್ ಯುಟಿಎಫ್-8 ಅಂತ ನೀವೇ ಹೇಳಿ.

ಹಳೆಯ ಕನ್ನಡ ಪುಟ. ಬ್ರೌಸರಿನಲ್ಲೇ ಇಂಗ್ಲಿಷ್ ಅಕ್ಷರಗಳ ಗೊಂದಲ ಕಾಣುತ್ತದೆ. ಅದಕ್ಕೆ?

ಅದು ಯುನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಕೋಡ್ ಕೊಡುವ ಪದ್ಧತಿ) ಬಳಕೆ ಹರಡುವುದಕ್ಕೆ ಮುಂಚಿನ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಬರೆದದ್ದು. ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತದೆ. ಎನ್‌ಕೋಡಿಂಗ್ ಬದಲಿಸಿ ಉಪಯೋಗವಿಲ್ಲ. ಮೊದಲು ಟೇಬಲನ್ನು ಹೆಕ್ಕಿ, ಆಮೇಲೆ ಕನ್ನಡದ ಕಾಲಂಗಳನ್ನು ಮಾತ್ರ ಆಸ್ಕಿಯಿಂದ (ಇಂಥ ಹಳೆಯ ಫಾಂಟ್ ಬರಹವನ್ನು ಹೀಗೆ ಕರೆಯುತ್ತಾರೆ) ಯುನಿಕೋಡ್‌ಗೆ ಬದಲಿಸುವ ಸಾಧನಕ್ಕೆ ಕೊಡಿ. ಸಂಖ್ಯೆಗಳ ಕಾಲಂ ಕೊಡಬೇಡಿ.

ಎರಡು ಟೇಬಲ್‌ಗಳನ್ನು ಜಿಲ್ಲೆಯ ಹೆಸರಿನಿಂದ ಸೇರಿಸಿದೆ. 'ಶಿವಮೊಗ್ಗ' ಎರಡರಲ್ಲೂ ಇದೆ, ಆದರೂ ಸೇರುತ್ತಿಲ್ಲ!

ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. 'ಮೊ' ಅಕ್ಷರದ ಒ ಗುಣಿತವನ್ನು ಯುನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು. ಒ ಗುಣಿತದ ಒಂದೇ ಕೋಡ್ ಬಳಸಬಹುದು, ಅಥವಾ ಎ ಗುಣಿತದ ಕೋಡ್ ಹಾಕಿ ಅದರ ಹಿಂದೆ ಊ ಗುಣಿತದ ಕೋಡ್ ಹಾಕಬಹುದು. ಪರದೆಯ ಮೇಲೆ ಎರಡೂ ಒಂದೇ ತರ. ಪೈಥಾನ್ ಮಾತ್ರ ಎರಡೂ ಬೇರೆ ಪದ ಅನ್ನುತ್ತದೆ. ಪೈಥಾನ್ ಜೊತೆಗೇ ಬರುವ 'ಯುನಿಕೋಡ್‌ಡೇಟಾ' ಮಾಡ್ಯೂಲಿನ 'ನಾರ್ಮಲೈಸ್' ಅನ್ನು 'ಎನ್‌ಎಫ್‌ಸಿ' ಎಂಬ ರೂಪಕ್ಕೆ ಓಡಿಸಿದರೆ ಎರಡೂ ಒಂದಾಗುತ್ತವೆ. ಪದದ ಹಿಂದೆ ಮುಂದೆ ಇರುವ ಖಾಲಿ ಜಾಗ, ಕಣ್ಣಿಗೆ ಕಾಣದ ಜೋಡಕ ಚಿಹ್ನೆಗಳು, ವಿಕಿಪೀಡಿಯ ಟೇಬಲ್ ಆದರೆ ಚೌಕ ಕಂಸದ ಅಡಿಟಿಪ್ಪಣಿ ಸಂಖ್ಯೆ, ಇವನ್ನೂ ಅದೇ ಹೊತ್ತಿಗೆ ತೆಗೆದುಬಿಡಿ.

ಇದೆಲ್ಲ ಆದ ಮೇಲೂ ಹೆಸರುಗಳೇ ಬದಲಾಗಿರುವ ತೊಂದರೆ ಉಳಿಯುತ್ತದೆ. 2014ರ ನವೆಂಬರ್ 1ರಂದು ನಮ್ಮ 12 ಊರುಗಳ ಹೆಸರಿನ ಇಂಗ್ಲಿಷ್ ರೂಪ ಬದಲಾಯಿತು. 2011ರ ಜನಗಣತಿಯ ಇಂಗ್ಲಿಷ್ ಟೇಬಲಿನಲ್ಲಿ ಬೆಲ್ಗಾಂ, ಗುಲ್ಬರ್ಗ, ಬಳ್ಳಾರಿಯ ಹಳೆಯ ಸ್ಪೆಲಿಂಗ್ ಇರುತ್ತದೆ. ಹೊಸ ಟೇಬಲಿನಲ್ಲಿ ಬೆಳಗಾವಿ, ಕಲಬುರಗಿ, ಹೊಸ ಸ್ಪೆಲಿಂಗಿನ ಬಳ್ಳಾರಿ. ಹಳೆಯ ಹೆಸರು, ಹೊಸ ಹೆಸರು ಅಂತ ಎರಡು ಕಾಲಂನ ಚಿಕ್ಕ ಫೈಲ್ ಮಾಡಿಟ್ಟುಕೊಂಡರೆ ಇದು ಬಗೆಹರಿಯುತ್ತದೆ.

ಬಗೆಹರಿಯದ ಇನ್ನೊಂದಿದೆ. 2011ರಲ್ಲಿ ಇದ್ದದ್ದು 30 ಜಿಲ್ಲೆ, ಈಗ 31. ವಿಜಯನಗರ ಜಿಲ್ಲೆ 2021ರಲ್ಲಿ ಬಳ್ಳಾರಿಯಿಂದ ಬೇರೆಯಾಯಿತು. 2011ರ ಬಳ್ಳಾರಿಯ ಜನಸಂಖ್ಯೆಯಲ್ಲಿ ಹೊಸಪೇಟೆಯವರೂ ಇದ್ದಾರೆ. ಅದನ್ನು ಇಂದಿನ ಬಳ್ಳಾರಿಯ ಪಕ್ಕದಲ್ಲಿಟ್ಟು ಭಾಗಿಸಿದರೆ ಉತ್ತರ ಬರುತ್ತದೆ, ಆದರೆ ತಪ್ಪು ಉತ್ತರ. ತಾಲ್ಲೂಕಿನ ಮಟ್ಟಕ್ಕಿಳಿದು ಕೂಡಿಸುವುದೊಂದೇ ದಾರಿ. ಹೆಸರಿನ ಬದಲು ಕೋಡ್ ಸಿಗುವ ಕಡೆ ಕೋಡನ್ನೇ ಬಳಸಿ. ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯಲ್ಲಿ ಜಿಲ್ಲೆ, ತಾಲ್ಲೂಕು, ಹಳ್ಳಿ ಪ್ರತಿಯೊಂದಕ್ಕೂ ಕೋಡ್ ಇದೆ.

ಸಂಖ್ಯೆಗಳು ಪಠ್ಯವಾಗಿ ಬಂದಿವೆ, ಕೂಡಿಸಲು ಆಗುತ್ತಿಲ್ಲ.

ನಮ್ಮ ಲಕ್ಷ, ಕೋಟಿಯ ಅಲ್ಪವಿರಾಮಗಳಿಂದ ತೊಂದರೆಯಿಲ್ಲ. 6,10,95,297 ಅಂತ ಇದ್ದರೂ ರೀಡ್-ಎಚ್‌ಟಿಎಂಎಲ್ ಅಲ್ಪವಿರಾಮ ತೆಗೆದು ಸಂಖ್ಯೆ ಮಾಡಿಕೊಳ್ಳುತ್ತದೆ. ತೊಡಕಾಗುವುದು ರೂಪಾಯಿ ಚಿಹ್ನೆ, 'ರೂ.' ಎಂಬ ಅಕ್ಷರ, ಶೇಕಡಾ ಗುರುತು, ಖಾಲಿ ಅನ್ನುವುದಕ್ಕೆ ಹಾಕಿದ ಗೀಟು. ಕಾಲಂನಲ್ಲಿ ಇಂಥದ್ದೊಂದು ಇದ್ದರೂ ಇಡೀ ಕಾಲಂ ಪಠ್ಯವಾಗುತ್ತದೆ. ಅವನ್ನು ಅಳಿಸಿ 'ಟು-ನ್ಯೂಮರಿಕ್' ಓಡಿಸಿ. ಕನ್ನಡ ಅಂಕಿಗಳಿದ್ದರೆ ಹೆದರಬೇಡಿ. ಪೈಥಾನ್‌ನ 'ಇಂಟ್'ಗೆ ೧೨೩ ಕೊಟ್ಟರೆ ನೇರವಾಗಿ 123 ಕೊಡುತ್ತದೆ.

ಸರ್ವೆ ನಂಬರ್ ಹೋಗಿ ತಾರೀಕು ಬಂತು. ಎಸ್‌ಟಿಡಿ ಕೋಡಿನ ಸೊನ್ನೆ ಮಾಯ. ಯಾಕೆ?

ಎಕ್ಸೆಲ್ ಸಿಎಸ್‌ವಿ ತೆರೆಯುವಾಗ ಪ್ರತಿ ಸೆಲ್ ಏನಿರಬಹುದು ಅಂತ ಊಹಿಸುತ್ತದೆ. ಸರ್ವೆ ನಂಬರ್ 12/3 ಮಾರ್ಚ್ 12 ಆಗುತ್ತದೆ. ಬೆಂಗಳೂರಿನ 080 ಬರೀ 80 ಆಗುತ್ತದೆ. ಹದಿನೈದಕ್ಕಿಂತ ಜಾಸ್ತಿ ಅಂಕಿಗಳ ಸಂಖ್ಯೆ ಇದ್ದರೆ ಉಳಿದ ಅಂಕಿಗಳ ಜಾಗಕ್ಕೆ ಸೊನ್ನೆ ಬರುತ್ತದೆ. ಒಮ್ಮೆ ಸೇವ್ ಮಾಡಿದರೆ ಮೂಲ ಮತ್ತೆ ಸಿಗದು. ಇದು ಎಷ್ಟು ದೊಡ್ಡ ತಲೆನೋವು ಅಂದರೆ, ಮನುಷ್ಯರ ಜೀನ್‌ಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ, ಎಕ್ಸೆಲ್ ತಾರೀಕು ಅಂದುಕೊಳ್ಳುತ್ತಿದ್ದ ಕೆಲವು ಜೀನ್‌ಗಳ ಹೆಸರನ್ನೇ ಬದಲಿಸಿ 2020ರಲ್ಲಿ ಹೊಸ ನಿಯಮ ಪ್ರಕಟಿಸಿತು.

ತಡೆಯಲು ಎರಡು ಕಡೆ ಕಾವಲು ಬೇಕು. ಓದುವಾಗ 'ಕನ್ವರ್ಟರ್ಸ್' ಆಯ್ಕೆಯಲ್ಲಿ ಆ ಕಾಲಂ ಪಠ್ಯ ಅಂತ ಹೇಳಿ, ಇಲ್ಲದಿದ್ದರೆ ಪಾಂಡಾಸೇ ಮೊದಲ ಸೊನ್ನೆ ತಿಂದುಬಿಡುತ್ತದೆ. ಬರೆಯುವಾಗ 'ಟು-ಎಕ್ಸೆಲ್' ಬಳಸಿ ನೇರ ಎಕ್ಸೆಲ್ ಫೈಲ್ ಮಾಡಿ. ಅದರಲ್ಲಿ ಪಠ್ಯ ಪಠ್ಯವಾಗಿಯೇ ಉಳಿಯುತ್ತದೆ. ಅಂದಹಾಗೆ, ಎಕ್ಸೆಲ್‌ನ ಒಂದು ಶೀಟಿನಲ್ಲಿ 10,48,576 ಸಾಲು ಮಾತ್ರ ಹಿಡಿಯುತ್ತದೆ. ಅದಕ್ಕೂ ದೊಡ್ಡದಾದರೆ ಸಿಎಸ್‌ವಿಯೇ ಇರಲಿ.

ಸರ್ವರ್ 403 ಅನ್ನುತ್ತದೆ. ಹೇಗೆ ದಾಟುವುದು? ಹೀಗೆ ತೆಗೆದುಕೊಳ್ಳುವುದು ತಪ್ಪಲ್ವಾ?

403 ಅಂದರೆ 'ನಿಮಗೆ ಕೊಡುವುದಿಲ್ಲ' ಅಂತ. ಕೆಲವು ಸರ್ವರ್‌ಗಳು ತಮ್ಮ ಗುರುತು ಹೇಳದ ಸ್ಕ್ರಿಪ್ಟ್‌ಗಳನ್ನು ತಡೆಯುತ್ತವೆ. ಪುಟ ಕೇಳುವಾಗ ಜೊತೆಗೆ ಕಳಿಸುವ 'ಯೂಸರ್-ಏಜೆಂಟ್' ಹೆಡರ್‌ನಲ್ಲಿ (ಇಲ್ಲೂ ಹೈಫನ್ ಹಾಗೇ ಇರಲಿ) ನೀವು ಯಾರು, ಯಾಕೆ ಬಂದಿದ್ದೀರಿ ಅಂತ ಬರೆದು ನೋಡಿ. ಆಗಲೂ ಇಲ್ಲ ಅಂದರೆ ಅಲ್ಲಿಗೆ ಬಿಡಿ. ದಾಟುವ ಉಪಾಯ ನಾನು ಹೇಳಿಕೊಡುವುದಿಲ್ಲ.

ಸ್ಕ್ರಿಪ್ಟ್‌ಗಳು ಎಲ್ಲಿಗೆ ಬರಬಾರದು ಅಂತ ಹೇಳುವ, ಸೈಟಿನ 'ರೋಬಾಟ್ಸ್' ಫೈಲನ್ನು ಮೊದಲು ಓದಿ, ಅವರು ಬೇಡ ಅಂದ ಕಡೆ ಹೋಗಬೇಡಿ. ಪುಟದಿಂದ ಪುಟಕ್ಕೆ ಕೆಲವು ಸೆಕೆಂಡ್ ಬಿಡುವು ಕೊಡಿ. ಚಿಕ್ಕ ಸರ್ವರಿಗೆ ಒಂದೇ ನಿಮಿಷದಲ್ಲಿ ನೂರಾರು ಸಲ ಬಡಿದರೆ ಅದೇ ಹೊತ್ತಿಗೆ ಧಾರಣೆ ನೋಡಲು ಬಂದ ರೈತರಿಗೆ ಪುಟ ತೆರೆಯುವುದಿಲ್ಲ. ಜನರ ಹೆಸರು, ಫೋನ್ ನಂಬರ್ ಇರುವ ಟೇಬಲ್‌ಗಳನ್ನು ಮುಟ್ಟಬೇಡಿ. ಮತ್ತೊಂದು ಮಾತು, ಭಾರತ ಸರ್ಕಾರದ ಓಪನ್ ಡೇಟಾ ಪೋರ್ಟಲ್‌ನಲ್ಲಿ ಎಷ್ಟೋ ಟೇಬಲ್‌ಗಳು ಸಿಎಸ್‌ವಿ ರೂಪದಲ್ಲೇ ಸಿಗುತ್ತವೆ. ಮೊದಲು ಅಲ್ಲಿ ಹುಡುಕಿ.

ಟೇಬಲ್ ಪಿಡಿಎಫ್‌ನಲ್ಲಿದೆ.

ಅದಕ್ಕೆ ಈ ದಾರಿ ಆಗದು. ಪಿಡಿಎಫ್‌ನಿಂದ ಟೇಬಲ್ ಹೆಕ್ಕುವ ಟ್ಯಾಬುಲಾ ಅಥವಾ ಕ್ಯಾಮೆಲಾಟ್ ನೋಡಿ. ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಅವೂ ಸಾಲವು, ಮೊದಲು ಒಸಿಆರ್ (ಚಿತ್ರದಲ್ಲಿರುವ ಅಕ್ಷರಗಳನ್ನು ಪಠ್ಯವಾಗಿ ಓದುವುದು) ಬೇಕು.

ಫೈಲ್ ಸರಿಯಾಗಿ ಬಂದಿದೆ ಅಂತ ಹೇಗೆ ಗೊತ್ತಾಗುತ್ತದೆ?

ನಾನು ಮಾಡುವುದನ್ನು ಹೇಳುತ್ತೇನೆ. ಸ್ಕ್ರಿಪ್ಟ್ ಮುಗಿದ ಮೇಲೆ ಅದು ಸಾಲುಗಳ ಲೆಕ್ಕ ಬರೆದು ತೋರಿಸುತ್ತದೆ, ಪುಟದಲ್ಲಿ ಎಣಿಸಿದ್ದಕ್ಕೆ ಹೋಲಿಸುತ್ತೇನೆ. ಕನಿಷ್ಠ ಧಾರಣೆ ಗರಿಷ್ಠಕ್ಕಿಂತ ಜಾಸ್ತಿ ಇರುವ ಸಾಲು ಒಂದಿದ್ದರೂ ಅದು ಫೈಲ್ ಬರೆಯದೆ ನಿಲ್ಲುತ್ತದೆ. ಮಾರುಕಟ್ಟೆಯ ಕಾಲಂನಲ್ಲಿ ನನ್ನ ಪಟ್ಟಿಯಲ್ಲಿಲ್ಲದ ಹೆಸರು ಬಂದರೂ ನಿಲ್ಲುತ್ತದೆ. ಇದೊಂದಿದ್ದಿದ್ದರೆ ಆ 'ಚಾಲಿ' ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು. ಪುಟದಲ್ಲೇ ಒಟ್ಟು ಕೊಟ್ಟಿದ್ದರೆ ನನ್ನ ಮೊತ್ತವನ್ನು ಅದಕ್ಕೆ ತಾಳೆ ನೋಡುತ್ತೇನೆ.

ಇಷ್ಟಾದ ಮೇಲೆ ಮೇಲಿನ ಒಂದು ಸಾಲು, ಮಧ್ಯದ ಒಂದು, ಕೊನೆಯ ಒಂದು ಸಾಲನ್ನು ಪುಟದ ಪಕ್ಕದಲ್ಲಿಟ್ಟು ಕಣ್ಣಾರೆ ನೋಡುತ್ತೇನೆ. ಭಾನುವಾರ ಅಪ್ಪ ನೋಟ್‌ಬುಕ್ ಹಿಡಿದು ಕೂರುತ್ತಾರೆ, ನಾನು ಲ್ಯಾಪ್‌ಟಾಪ್ ನೋಡಿ ವಾರದ ರಾಶಿ, ಚಾಲಿ ಧಾರಣೆ ಓದುತ್ತೇನೆ. ಅವರು ಒಂದೊಂದಕ್ಕೂ ಪೆನ್ಸಿಲಿನಲ್ಲಿ ಟಿಕ್ ಹಾಕುತ್ತಾರೆ.